ಬೆನ್ನ ಮೇಲಿನ ನಂಬರು

ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಗ್ರಂಥಾಲಯದ ಯಾವ ಕಪಾಟಿಗೆ ಸೇರಬೇಕು? 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ಸಾಹಿತ್ಯದಲ್ಲಲ್ಲದೆ ಇನ್ನೆಲ್ಲಿಡುತ್ತೀರಿ ಎಂದು ಕೇಳುವವರಿದ್ದಾರೆ. ಆದರೆ ತೆರೆದು ನೋಡಿದರೆ ತುಂಬ ಗಿಡ, ಮರ, ಬಳ್ಳಿ; ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ. ಬರೆದವರೋ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವರು. ನಾನು ಇದನ್ನು ಒಂದೂರಿನ ಗ್ರಂಥಾಲಯದಲ್ಲಿ ಕಂಡದ್ದು ಬಿ.ಎಸ್ಸಿ. ಗೈಡುಗಳ ಮಗ್ಗುಲಲ್ಲಿ. ಇನ್ನೊಂದು ಕಡೆ ಹಾಸ್ಯ ಸಾಹಿತ್ಯದ ಸಾಲಿನಲ್ಲಿತ್ತು. ಮತ್ತೊಂದು ಕಡೆ ಪ್ರವಾಸ ಕಥನಗಳ ಜೊತೆ. ಮೂರು ಕಡೆಯವರೂ ಪುಸ್ತಕವನ್ನು ತಿರುವಿ ನೋಡಿಯೇ ಇಟ್ಟಿದ್ದಾರೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮೂವರೂ ಸರಿ ಎನ್ನುವುದೇ ತೊಂದರೆ.

ಪುಸ್ತಕದೊಳಗೆ ಎಷ್ಟು ವಿಷಯಗಳಾದರೂ ಇರಲಿ, ಅದಕ್ಕೆ ಮೈ ಮಾತ್ರ ಒಂದೇ. ಒಂದು ಪ್ರತಿ ಒಂದೇ ಹೊತ್ತಿಗೆ ಎರಡು ಕಪಾಟಿನಲ್ಲಿ ಕೂರಲಾರದು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಡೆಯುವ ಸಕಲ ಕಸರತ್ತೂ ಈ ಒಂದು ಕೊರತೆಯಿಂದ ಹುಟ್ಟಿದ್ದು.

ಆ ಕೋಣೆಯನ್ನು ನೋಡಿದ ಓದುಗರು ಕಡಿಮೆ. ಅಲ್ಲಿ ಹೊಸ ಪುಸ್ತಕದ ಕಟ್ಟು ಬಿಚ್ಚಿ, ಬಿಲ್ಲಿನ ಜೊತೆ ತಾಳೆ ನೋಡಿ, ದಪ್ಪ ಆಕ್ಸೆಶನ್ ರಿಜಿಸ್ಟರಿನಲ್ಲಿ ಬರೆದುಕೊಂಡು ಒಂದು ಕ್ರಮಸಂಖ್ಯೆ ಕೊಡುತ್ತಾರೆ. ಶೀರ್ಷಿಕೆ ಪುಟಕ್ಕೊಂದು ಠಸ್ಸೆ. ಒಳಗೆಲ್ಲೋ ಗುಟ್ಟಿನ ಪುಟವೊಂದಕ್ಕೆ ಇನ್ನೊಂದು, ಕದ್ದವನು ಮೊದಲ ಪುಟ ಹರಿದುಹಾಕಿದರೂ ಸಿಕ್ಕಿಬೀಳಲಿ ಎಂದು. ಕೊನೆಯ ಹಾಳೆಗೆ ತಾರೀಖಿನ ಚೀಟಿ. ಇಷ್ಟೂ ಕೈಕೆಲಸ. ಆಮೇಲೆ ಪೆನ್ಸಿಲ್ಲು ಹಿಡಿದು ಒಬ್ಬರು ಕೂರುತ್ತಾರೆ. ಇದು ಯಾವುದರ ಕುರಿತ ಪುಸ್ತಕ? ಉತ್ತರವನ್ನು ಅಂಕಿಗಳಲ್ಲಿ ಬರೆದರೆ ಅದು ವರ್ಗೀಕರಣ. ಯಾರ್‍ಯಾರು ಇದನ್ನು ಯಾವ ಯಾವ ಹೆಸರು ಹಿಡಿದು ಹುಡುಕಿಕೊಂಡು ಬಂದಾರು ಎಂದು ಊಹಿಸಿ, ಅಷ್ಟೂ ಕಡೆ ಗುರುತು ಬರೆದಿಟ್ಟರೆ ಅದು ಸೂಚೀಕರಣ. ಮೊದಲನೆಯದು ಪುಸ್ತಕಕ್ಕೆ ಒಂದು ಜಾಗ ಕೊಡುತ್ತದೆ, ಎರಡನೆಯದು ಆ ಜಾಗಕ್ಕೆ ಹತ್ತು ದಾರಿ ಮಾಡಿಕೊಡುತ್ತದೆ.

ಪೆನ್ಸಿಲ್ಲಿನವರಿಗೆ ಪುಸ್ತಕವನ್ನು ಪೂರ್ತಿ ಓದುವಷ್ಟು ಪುರುಸೊತ್ತಿರುವುದಿಲ್ಲ. ಶೀರ್ಷಿಕೆ, ಪರಿವಿಡಿ, ಮುನ್ನುಡಿ, ಅನುಮಾನ ಬಂದರೆ ನಡುವಿನ ಒಂದೆರಡು ಪುಟ. ಅಷ್ಟರಲ್ಲಿ ತೀರ್ಮಾನ ಆಗಬೇಕು. ವಿಮರ್ಶಕ ಇಪ್ಪತ್ತು ಪುಟ ಬರೆದೂ ಹೇಳದೆ ಜಾರಿಕೊಳ್ಳುವುದನ್ನು ಇವರು ಆರೇಳು ಅಂಕಿಯಲ್ಲಿ ಹೇಳಿ, ಸಹಿ ಕೂಡ ಹಾಕದೆ, ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಾರೆ. ಕನ್ನಡದ ವಿಮರ್ಶಕರ ಪಟ್ಟಿ ಮಾಡುವವರು ಇವರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲವೋ ತಿಳಿಯದು.

ಬಸವಣ್ಣನವರ ವಚನಗಳ ಸಂಪುಟ ಬಂತೆನ್ನಿ. ಸಾಹಿತ್ಯವೋ, ಧರ್ಮವೋ? ಸಾಹಿತ್ಯವಾದರೆ ಪದ್ಯವೋ, ಗದ್ಯವೋ? ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದಾಗ ಇಟ್ಟ ಹೆಸರು ‘ವಚನಶಾಸ್ತ್ರಸಾರ’. ಶಾಸ್ತ್ರ ಎಂದು ಮೇಲೆಯೇ ಬರೆದಿದೆ. ಆಮೇಲೆ ಬಂದ ಪಠ್ಯಪುಸ್ತಕಗಳೂ ಸಾಹಿತ್ಯ ಚರಿತ್ರೆಗಳೂ ನಮಗೆ ಅದನ್ನು ಸಾಹಿತ್ಯವೆಂದೇ ಓದಿಸಿದವು. ಹೋಗಲಿ, ಧರ್ಮವೆಂದೇ ಇಟ್ಟುಕೊಳ್ಳೋಣ ಎಂದರೂ ಮುಗಿಯಲಿಲ್ಲ. ಹಿಂದೂ ಧರ್ಮದ ಅಂಕಿಯ ಕೆಳಗೆ ಹಾಕಬೇಕೋ, ಬೇರೆ ಅಂಕಿ ಕೇಳಬೇಕೋ? ಲಿಂಗಾಯತ ಸ್ವತಂತ್ರ ಧರ್ಮವೇ ಎಂಬ ವಾದ ಬೀದಿಯಲ್ಲೂ ಸರ್ಕಾರದ ಕಡತಗಳಲ್ಲೂ ನಡೆದು ಇನ್ನೂ ತಣಿದಿಲ್ಲ. ವಿದ್ವಾಂಸರು ಕಾಯಬಹುದು, ಸಮಿತಿಗಳು ಕಾಯಬಹುದು. ಸಂಜೆಯೊಳಗೆ ಕಪಾಟು ಸೇರಬೇಕಾದ ಪುಸ್ತಕ ಕಾಯುವುದಿಲ್ಲ. ಹಿಂದಿನ ಕೋಣೆಯಲ್ಲಿ ಪೆನ್ಸಿಲ್ಲು ಒಂದು ಸಲ ಅಲುಗುತ್ತದೆ, ತೀರ್ಪು ಆಗಿಹೋಗುತ್ತದೆ. ‘ಮಂಕುತಿಮ್ಮನ ಕಗ್ಗ’ ಕಾವ್ಯವೋ ತತ್ತ್ವಶಾಸ್ತ್ರವೋ, ತೇಜಸ್ವಿಯವರ ‘ಪರಿಸರದ ಕಥೆ’ ಕಥೆಯೋ ಪರಿಸರವೋ, ಇವೂ ಹಾಗೆಯೇ ಇತ್ಯರ್ಥವಾದವು.

ಈ ತೀರ್ಪುಗಳಿಗೆ ಆಧಾರವಾದ ಸಂಹಿತೆ ನಮ್ಮದಲ್ಲ. ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಯುವಕ 1876ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಲೋಕದ ಸಮಸ್ತ ಜ್ಞಾನವನ್ನು ಹತ್ತು ಪಾಲು ಮಾಡಿದ. ಒಂದೊಂದು ಪಾಲನ್ನು ಮತ್ತೆ ಹತ್ತು, ಅದನ್ನು ಮತ್ತೆ ಹತ್ತು. ಐನೂರರಲ್ಲಿ ವಿಜ್ಞಾನ, ಎಂಟುನೂರರಲ್ಲಿ ಸಾಹಿತ್ಯ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಚೊಕ್ಕ ಸಂಖ್ಯೆ. ಕನ್ನಡ ಬೇಕೆಂದರೆ 890 ಎಂಬ ‘ಇತರೆ’ ಭಾಷೆಗಳ ಓಣಿಗೆ ಹೋಗಿ, ದ್ರಾವಿಡರ ಕೇರಿ ಹೊಕ್ಕು, ಬಿಂದು ದಾಟಿ 894.814 ತಲುಪಬೇಕು. ಅದರ ಮುಂದೆ ಒಂದು ಸೇರಿಸಿದರೆ ಕಾವ್ಯ, ಎರಡಾದರೆ ನಾಟಕ, ಮೂರಾದರೆ ಕಥೆ ಕಾದಂಬರಿ, ನಾಲ್ಕಾದರೆ ಪ್ರಬಂಧ. ಧರ್ಮದ ಇನ್ನೂರರಲ್ಲಂತೂ ಬಹುಪಾಲು ಮನೆ ಕ್ರೈಸ್ತರದ್ದು. ಮಿಕ್ಕ ಜಗತ್ತಿಗೆಲ್ಲ ಸೇರಿ 290, ಹಿಂದೂಗಳಿಗೆ 294.5. ನಮ್ಮ ಮೂವತ್ಮೂರು ಕೋಟಿ ದೇವತೆಗಳೂ ದಶಮಾಂಶ ಬಿಂದುವಿನ ಆಚೆ ಒತ್ತಿಕೊಂಡು ಕೂತಿದ್ದಾರೆ. ಡ್ಯೂಯಿಗೆ ನಮ್ಮ ಮೇಲೆ ಹಗೆಯೇನೂ ಇರಲಿಲ್ಲ. ಆಮ್ಹರ್ಸ್ಟ್ ಕಾಲೇಜಿನ ಕಪಾಟುಗಳಲ್ಲಿ ಏನಿತ್ತೋ ಅದನ್ನು ನೋಡಿ ಜಾಗ ಹಂಚಿದ. ಕಪಾಟು ನೋಡಿ ಲೋಕವನ್ನು ಅಳೆದರೆ ಹೀಗಾಗುತ್ತದೆ.

ಇದಕ್ಕೆ ಜವಾಬು ಕೊಟ್ಟವರೂ ಪ್ರೆಸಿಡೆನ್ಸಿ ಕಾಲೇಜಿನವರೇ. ಸ್ವಾಮಿಯವರಿಗಿಂತ ಬಹಳ ಹಿಂದೆ ಅಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಸ್.ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಹೋದವರಿಗೆ ಮೊದಮೊದಲು ಆ ಕೆಲಸ ಸಾಕಪ್ಪಾ ಸಾಕು ಎನಿಸಿತ್ತಂತೆ. ಕಾಲೇಜಿಗೇ ವಾಪಸು ಹೋಗುತ್ತೇನೆಂದು ಕೂತಿದ್ದರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ ಎಂದರು ಮೇಲಿನವರು. ಅಲ್ಲಿ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸಿದ ಹಾಗೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು. ವಿಷಯಗಳಿಗೆ ಸಿದ್ಧ ಗೂಡು ಕಟ್ಟಿಡುವ ಬದಲು ಬಿಡಿಭಾಗಗಳನ್ನು ಕೊಟ್ಟು, ಪುಸ್ತಕ ಬಂದಾಗ ಜೋಡಿಸಿಕೊಳ್ಳಿ ಎಂದರೆ ಹೇಗೆ? ಭಾಗಗಳ ನಡುವೆ ಬೋಲ್ಟಿನ ಬದಲು ಎರಡು ಚುಕ್ಕಿ. 1933ರಲ್ಲಿ ‘ಕೋಲನ್ ಕ್ಲಾಸಿಫಿಕೇಶನ್’ ಅಚ್ಚಾಯಿತು.

ಯಾವ ವಿಷಯವನ್ನು ತೆಗೆದುಕೊಂಡರೂ ಅದರಲ್ಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳನ್ನು ಹುಡುಕಬೇಕೆಂದರು. ವೈಶೇಷಿಕರ ಪದಾರ್ಥಗಳ ಪರಿಚಯವಿದ್ದವರಿಗೆ ಇದೇನೂ ಹೊಸ ಊರು ಅನಿಸುವುದಿಲ್ಲ. ವೈದ್ಯಕ್ಕೆ ಎಲ್, ಶ್ವಾಸಕೋಶಕ್ಕೆ 45, ಕ್ಷಯಕ್ಕೆ 421, ಭಾರತಕ್ಕೆ 44. ಒಂದಕ್ಕೊಂದು ಪೋಣಿಸಿದರೆ ಭಾರತದಲ್ಲಿ ಶ್ವಾಸಕೋಶದ ಕ್ಷಯದ ಕುರಿತ ಪುಸ್ತಕ ತನ್ನ ಜಾಗವನ್ನು ತಾನೇ ಹೇಳಿಕೊಳ್ಳುತ್ತದೆ. ಬೆನ್ನ ಮೇಲಿನ ಚೀಟಿ ಉದ್ದವಾಗಿ ರಟ್ಟಿನ ಅಂಚು ದಾಟುತ್ತದೆ ಎನ್ನುವುದು ಬೇರೆ ಮಾತು.

ನನಗೆ ಇಷ್ಟವಾದದ್ದು ಅವರು ಸಾಹಿತಿಗಳನ್ನು ಕೂರಿಸಿದ ರೀತಿ. ಅಕಾರಾದಿಯ ಗೊಡವೆಯಿಲ್ಲ, ಹುಟ್ಟಿದ ವರ್ಷವೇ ನಂಬರು. ಹದಿನಾರನೆಯ ಶತಮಾನಕ್ಕೆ ಜೆ, ಆದ್ದರಿಂದ ಶೇಕ್ಸ್‌ಪಿಯರ್ ಜೆ 64. ಹತ್ತೊಂಬತ್ತಕ್ಕೆ ಎಂ, ಇಪ್ಪತ್ತಕ್ಕೆ ಎನ್. ಕನ್ನಡ ಕಾವ್ಯದ ಕಪಾಟನ್ನು ಹೀಗೆ ಜೋಡಿಸಿ ನೋಡಿ: ಬೇಂದ್ರೆ ಎಂ 96, ಕುವೆಂಪು ಎನ್ 04, ಅವರ ಪಕ್ಕದಲ್ಲೇ ಪು.ತಿ.ನ. ಎನ್ 05. ಕೆ.ಎಸ್. ನರಸಿಂಹಸ್ವಾಮಿ ಎನ್ 15, ಗೋಪಾಲಕೃಷ್ಣ ಅಡಿಗ ಎನ್ 18. ನವೋದಯ, ನವ್ಯ ಎಂದು ನಾವು ನಡುವೆ ಎಬ್ಬಿಸಿದ ಗೋಡೆ ಎಲ್ಲಿ ಹೋಯಿತು? ‘ಮೈಸೂರ ಮಲ್ಲಿಗೆ’ಯ ಕವಿಗೂ ‘ಭೂಮಿಗೀತ’ದ ಕವಿಗೂ ಮೂರೇ ವರ್ಷದ ಅಂತರ. ಎಷ್ಟೋ ವಿಚಾರಸಂಕಿರಣಗಳು ನಡೆದದ್ದು ಈ ಅಂತರವನ್ನು ಹಿಗ್ಗಿಸುವುದಕ್ಕೆ. ಕಪಾಟಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ.

ರಂಗನಾಥನ್ ಕೊನೆಗೆ ಬೆಂಗಳೂರಿನವರೇ ಆದರು. 1962ರಲ್ಲಿ ಇಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಪದ್ಧತಿಗೆ ಸಿಕ್ಕ ಗೌರವ ನಮ್ಮ ದೇಶದ ಪದ್ಧತಿಗೆ ತಕ್ಕಂತೆಯೇ ಇದೆ: ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಕೋಲನ್ ಓದಿ ಪರೀಕ್ಷೆ ಬರೆಯುತ್ತಾರೆ, ಬಹುಪಾಲು ಮಂದಿ ಕೆಲಸಕ್ಕೆ ಸೇರಿದ ಮೇಲೆ ಡ್ಯೂಯಿ ಹಾಕುತ್ತಾರೆ.

ಜಾಗದ ತಾಪತ್ರಯ ಇಷ್ಟಾದರೆ ಹೆಸರಿನದು ಇನ್ನೊಂದು. ಪಾಶ್ಚಾತ್ಯ ಸೂಚಿಕಾರನಿಗೆ ಮನೆತನದ ಹೆಸರು ಮುಂದೆ, ಇಟ್ಟ ಹೆಸರು ಹಿಂದೆ, ಅಲ್ಲಿಗೆ ಕೆಲಸವಾಯಿತು. ನಮ್ಮಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಮಗ, ಬರೆದವರು ಕುವೆಂಪು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಮೂರಕ್ಷರಕ್ಕೆ ಇಳಿದು ಡಿ.ವಿ.ಜಿ. ಮಾಸ್ತಿ ಎಂಬುದು ಊರು, ಆದರೆ ನಾವು ಕರೆಯುವುದು ಊರನ್ನೇ. ಅವರು ಕಥೆ ಬರೆದದ್ದು ಶ್ರೀನಿವಾಸ ಎಂದು. ಬೇಂದ್ರೆ ಅಂಬಿಕಾತನಯದತ್ತರಾದರು, ಆದ್ಯ ರಂಗಾಚಾರ್ಯರು ಶ್ರೀರಂಗರಾದರು, ಅನಸೂಯಾ ಶಂಕರ್ ತ್ರಿವೇಣಿಯಾದರು. ಒಬ್ಬ ಓದುಗ ‘ಕು’ ಹಿಡಿದು ಬರುತ್ತಾನೆ, ಇನ್ನೊಬ್ಬ ‘ಪು’ ಹಿಡಿದು. ಇಬ್ಬರೂ ಒಂದೇ ಕಡೆ ಮುಟ್ಟಬೇಕಾದರೆ ಒಂದು ಕಾರ್ಡು ಬರೆದಿಡಬೇಕು: ‘ಪುಟ್ಟಪ್ಪ, ಕೆ.ವಿ. ನೋಡಿ: ಕುವೆಂಪು.’ ಶಿಯಾಳಿ ರಾಮಾಮೃತ ರಂಗನಾಥನ್ ಅವರಿಗೂ ಮೊದಲು ಊರು, ಆಮೇಲೆ ತಂದೆ, ಕಡೆಗೆ ತಾನು. 1934ರಲ್ಲಿ ಸೂಚೀಕರಣದ ನಿಯಮಾವಳಿ ಬರೆಯಲು ಕೂತಾಗ ಈ ಕಷ್ಟವನ್ನು ಅವರಿಗೆ ಬೇರೆಯವರು ವಿವರಿಸಬೇಕಾಗಿರಲಿಲ್ಲ.

ಕಾರ್ಡು ಎಂದರೆ ಮೂರಂಗುಲ ಎತ್ತರ, ಐದಂಗುಲ ಅಗಲ, ಕೆಳಗೊಂದು ತೂತು. ತೂತಿನಲ್ಲಿ ಸರಳು ಹಾಯಿಸಿ ಡ್ರಾಯರಿಗೆ ಬಿಗಿದಿರುತ್ತಿದ್ದರು, ಯಾರೂ ಕಿತ್ತುಕೊಂಡು ಹೋಗದ ಹಾಗೆ. ಈ ಉಪಾಯದ ಪೂರ್ವಜರು ಸ್ವಲ್ಪ ಪೋಲಿಗಳು. ಫ್ರೆಂಚ್ ಕ್ರಾಂತಿಯಲ್ಲಿ ಇಗರ್ಜಿಗಳ ಪುಸ್ತಕಗಳು ಸರ್ಕಾರದ ವಶಕ್ಕೆ ಬಂದಾಗ, 1791ರಲ್ಲಿ, ಅವುಗಳ ಪಟ್ಟಿಯನ್ನು ಇಸ್ಪೀಟ್ ಎಲೆಗಳ ಮೇಲೆ ಬರೆಯಿರಿ ಎಂದು ಅಪ್ಪಣೆಯಾಯಿತು. ಆ ಕಾಲದ ಎಲೆಗಳ ಹಿಂಬದಿ ಖಾಲಿ. ಉದ್ದ ಶೀರ್ಷಿಕೆ ಇದ್ದರೆ ಎಕ್ಕವನ್ನೋ ಎರಡನ್ನೋ ಬಳಸಬೇಕು, ಅವುಗಳ ಮುಂಬದಿಯಲ್ಲೂ ಬರೆಯಲು ಜಾಗ ಹೆಚ್ಚು. ಗ್ರಂಥಾಲಯದಲ್ಲಿ ಇಸ್ಪೀಟಾಡಿದರೆಂದು ಬೈಸಿಕೊಂಡ ಸಿಬ್ಬಂದಿಗೆ ಈ ಸಂಗತಿ ಉಪಯೋಗಕ್ಕೆ ಬರಬಹುದು.

ಕನ್ನಡದ ಕಾರ್ಡು ಜೋಡಿಸುವುದು ಇಂಗ್ಲಿಷಿನಷ್ಟು ಸಲೀಸಲ್ಲ. ‘ಅಂಗಳ’ ಮೊದಲೋ ‘ಅಕ್ಕ’ ಮೊದಲೋ? ನಿಘಂಟಿನವರು ಸೊನ್ನೆಗೆ ಮಣೆ ಹಾಕುತ್ತಾರೆ. ‘ಕ್ಷಮೆ’ ಕ-ಕಾರದಲ್ಲಿ ಬರಬೇಕೋ, ಶಾಲೆಯ ಗೋಡೆಯ ಪಟದಲ್ಲಿರುವಂತೆ ಕಟ್ಟಕಡೆಗೋ? ಇಂಗ್ಲಿಷಿನಲ್ಲಿ ಶೀರ್ಷಿಕೆಯ ಮೊದಲಿನ ‘ದಿ’ಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂಬ ನಿಯಮವಿದೆ. ನಮ್ಮಲ್ಲಿ ‘ಶ್ರೀ’ ಇದೆ, ‘ಶ್ರೀಮದ್’ ಇದೆ. ಅದನ್ನು ಬಿಟ್ಟರೆ ಭಕ್ತರಿಗೆ ಕೋಪ, ಬಿಡದಿದ್ದರೆ ಶ-ಕಾರದ ಡ್ರಾಯರು ಮುಚ್ಚುವುದಿಲ್ಲ.

ಕಾರ್ಡಿಗೆ ಮುದ್ರಿತ ಪುಸ್ತಕವಾದರೂ ತನ್ನ ಹೆಸರು ಹೇಳುತ್ತದೆ. ಓಲೆಗರಿಗೆ ಶೀರ್ಷಿಕೆ ಪುಟವೇ ಇಲ್ಲ. ಕೃತಿಯ ಹೆಸರು, ಕವಿಯ ಹೆಸರು ಕೊನೆಯಲ್ಲೋ ಪರಿಚ್ಛೇದದ ಮುಕ್ತಾಯದಲ್ಲೋ ಇದ್ದರೆ ಇತ್ತು. ಒಂದೇ ಕಟ್ಟಿನಲ್ಲಿ ಸಂಬಂಧವಿಲ್ಲದ ಎರಡು ಮೂರು ಕೃತಿ ಸೇರಿರುವುದೂ ಉಂಟು. ಅಲ್ಲಿ ಸೂಚಿಕಾರ ಮೇಲೆ ಮೇಲೆ ನೋಡಿ ಬಚಾವಾಗುವಂತಿಲ್ಲ, ಓದಲೇಬೇಕು. ಹಾಗೆ ಓದಿದವರು ಮೈಸೂರಿನ ರುದ್ರಪಟ್ಟಣ ಶಾಮಾಶಾಸ್ತ್ರಿಗಳು. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ ಅವರು ಗ್ರಂಥಪಾಲರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟುಹೋದ ಗ್ರಂಥಲಿಪಿಯ ಓಲೆಕಟ್ಟೊಂದನ್ನು ನೋಡುತ್ತಾ ಹೋದಂತೆ ಇದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. ಶತಮಾನಗಳಿಂದ ಹೆಸರು ಮಾತ್ರ ಕೇಳಿದ್ದ ಕೃತಿ 1909ರಲ್ಲಿ ಅಚ್ಚಾಗಿ ಹೊರಬಂತು. ಪಟ್ಟಿಯಲ್ಲಿ ‘ನೀತಿ, ಓಲೆ, ಅಪೂರ್ಣ’ ಎಂದು ಬರೆದು ಮೇಲಟ್ಟಕ್ಕೆ ಹಾಕಿದ್ದರೂ ಆ ದಿನ ಯಾರೂ ಕೇಳುತ್ತಿರಲಿಲ್ಲ.

ಈಗ ಕಾರ್ಡಿನ ಕಾಲ ಮುಗಿದಿದೆ. ಜಗತ್ತಿನ ಗ್ರಂಥಾಲಯಗಳಿಗೆ ಕಾರ್ಡು ಮುದ್ರಿಸಿ ಕಳಿಸುತ್ತಿದ್ದ ಅಮೆರಿಕದ ಓಸಿಎಲ್‌ಸಿ 2015ರ ಅಕ್ಟೋಬರಿನಲ್ಲಿ ಕಡೆಯ ಕಂತು ಮುದ್ರಿಸಿ ನಿಲ್ಲಿಸಿತು. ಕಂಪ್ಯೂಟರಿನಲ್ಲಿ ಒಂದು ಪುಸ್ತಕಕ್ಕೆ ಎಷ್ಟು ದಾರಿ ಬೇಕಾದರೂ ತೆಗೆಯಬಹುದು, ಸರಳು ಬೇಡ, ಡ್ರಾಯರು ಬೇಡ. ಆದರೆ ಅದು ಹುಡುಕುವುದು ಯಾರೋ ಒಬ್ಬರು ಟೈಪು ಮಾಡಿದ್ದನ್ನು ಮಾತ್ರ. ಕನ್ನಡ ಪುಸ್ತಕಗಳ ವಿವರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿಸಿದ ಕಡೆ ಗೋಳು ಹೇಳತೀರದು. ಕಾರಂತರ ಕೊನೆಗೆ ‘ಎಚ್’ ಸೇರಿಸಿದರೆ ಕೆಲವು ಪುಸ್ತಕ, ತೆಗೆದರೆ ಬೇರೆ ಕೆಲವು, ಒಂದು ‘ಎ’ ಹೆಚ್ಚಿಗೆ ಹಾಕಿದರೆ ಮತ್ತಷ್ಟು. ದೀರ್ಘವೂ ಇಲ್ಲ, ಮಹಾಪ್ರಾಣವೂ ಇಲ್ಲ. ಒಂದು ಗ್ರಂಥಾಲಯದಲ್ಲಿ ಈ ಮೂರು ಬಗೆಯನ್ನೂ ಕುಟ್ಟಿ ಕುಟ್ಟಿ ಸೋತು, ನಿವೃತ್ತಿಯ ಹತ್ತಿರ ಬಂದಿದ್ದ ಗ್ರಂಥಪಾಲಕಿಯ ಮೇಜಿಗೆ ಹೋದೆ. ಕಾರಂತರ ಪುಸ್ತಕ ಬೇಕಿತ್ತು ಎಂದೆ.

“ಯಾವ ಕಾರಂತರು? ನಾಟಕದವರೋ, ಕೋಟದವರೋ?” ಪರದೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ.

“ಕೋಟದವರು.”

“ಕಾದಂಬರಿಯಾದರೆ ಈ ಕಡೆ ಎರಡನೇ ಸಾಲು, ಯಕ್ಷಗಾನವಾದರೆ ಮಹಡಿ ಮೇಲೆ. ವಿಜ್ಞಾನದ್ದು ಬೈಂಡಿಂಗಿಗೆ ಹೋಗಿದೆ, ಮುಂದಿನ ತಿಂಗಳು ಬನ್ನಿ.”