ತಾಮ್ರಕ್ಕೆ ಸುತ್ತಿದ ಕಾಡು

ಬೈಯಪ್ಪನಹಳ್ಳಿಗೆ ಯಾರೂ ಕಾಗದ ನೋಡಲು ಬರುವುದಿಲ್ಲ. ಮೆಟ್ರೊ ಹತ್ತಲು ಬರುತ್ತಾರೆ, ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ದೂರದ ರೈಲು ಹಿಡಿಯಲು ಬರುತ್ತಾರೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ರೈಲು ಇಲ್ಲಿಂದಲೇ ಎಂ.ಜಿ. ರಸ್ತೆಗೆ ಓಡಿತು. ಅಂದಿನಿಂದ ಊರಿನ ಹೆಸರು ಎಲ್ಲರ ಬಾಯಲ್ಲಿದೆ, ಊರು ಮಾತ್ರ ಕಿಟಕಿಯಾಚೆ ಸರಿದುಹೋಗುತ್ತದೆ. ಹಾಗೆ ಸರಿದುಹೋಗುವುದರಲ್ಲಿ ಎನ್‌ಜಿಇಎಫ್ ಕಾರ್ಖಾನೆಯ ಆವರಣವೂ ಒಂದು. ಹಳೇ ಮದ್ರಾಸ್ ರಸ್ತೆಯ ಮಗ್ಗುಲಿನ ಆ ಉದ್ದ ಗೋಡೆ, ಅದರೊಳಗೆ ತುಕ್ಕು ಹಿಡಿದ ಶೆಡ್ಡುಗಳು, ಶೆಡ್ಡುಗಳನ್ನು ಮೀರಿ ಬೆಳೆದ ಮರಗಳು.

ಮೈಸೂರು ರಸ್ತೆಯಲ್ಲಿ ಸರ್ಕಾರದ ಹಳೆಯ ವಿದ್ಯುತ್ ಕಾರ್ಖಾನೆ ಇತ್ತು. ಹಾಗಾಗಿ ಇದು ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ 1956ರಲ್ಲಿ ಹುಟ್ಟಿ, 2002ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಈಗಲೂ ಸುತ್ತಮುತ್ತ ಇದ್ದಾರೆ. ಸದಾನಂದನಗರದ ಕಡೆ ಎನ್‌ಜಿಇಎಫ್ ಲೇಔಟ್ ಅಂತಲೇ ಒಂದು ಬಡಾವಣೆ ಇದೆ. ಅಂಥ ಒಬ್ಬ ಹಿರಿಯರು ಟೀ ಅಂಗಡಿಯಲ್ಲಿ ಸಿಕ್ಕರು. ಒಳಗೆ ಏನು ಕೆಲಸ ಮಾಡುತ್ತಿದ್ದಿರಿ ಯಜಮಾನ್ರೇ ಎಂದು ಕೇಳಿದೆ.

"ವೈಂಡಿಂಗ್ ಸಾರ್. ಟ್ರಾನ್ಸ್‌ಫಾರ್ಮರ್ ಕಾಯಿಲಿಗೆ ಪೇಪರ್ ಸುತ್ತೋದು. ಹಸುಗೂಸಿಗೆ ಬಟ್ಟೆ ಸುತ್ತಿದ ಹಾಗೆ. ಸುಕ್ಕು ಬರಬಾರದು, ಸಂದು ಬಿಡಬಾರದು."

"ಪೇಪರ್ ಅಂದ್ರೆ ಯಾವುದು?"

"ಪೇಪರೇ ಸಾರ್. ಮರದ್ದು. ಕಂದು ಬಣ್ಣದ್ದು."

ಕೈಯಲ್ಲಿದ್ದ ಲೋಟ ಆರುವವರೆಗೂ ನಾನು ಆ ಮಾತಿನಲ್ಲೇ ನಿಂತಿದ್ದೆ. ರಸ್ತೆಯಂಚಿನ ಆ ಬೂದು ಬಣ್ಣದ ಪೆಟ್ಟಿಗೆಯೊಳಗೆ ತಾಮ್ರ ಇರುತ್ತದೆ, ಎಣ್ಣೆ ಇರುತ್ತದೆ ಎಂದು ಶಾಲೆಯಲ್ಲೇ ಓದಿದ್ದೆ. ಹನ್ನೊಂದು ಸಾವಿರ, ಅರವತ್ತಾರು ಸಾವಿರ ವೋಲ್ಟನ್ನು ಒಂದು ಸುರುಳಿಯಿಂದ ಇನ್ನೊಂದು ಸುರುಳಿಗೆ ಹಾರದಂತೆ ತಡೆದು ನಿಲ್ಲಿಸುವುದು ಎಣ್ಣೆಯಲ್ಲಿ ನೆನೆದ ಕಾಗದ ಎಂದು ತಿಳಿದಿರಲಿಲ್ಲ. ಅದು ಪೈನ್‌ನಂಥ ಉದ್ದ ನಾರಿನ ಮರಗಳನ್ನು ಸೋಡಾ ದ್ರಾವಣದಲ್ಲಿ ಬೇಯಿಸಿ ತೆಗೆದ ಕ್ರಾಫ್ಟ್ ಕಾಗದ. ಸುರುಳಿಗಳ ನಡುವೆ ಆನಿಕೆಗಾಗಿ ದಪ್ಪ ರಟ್ಟು ಕೂಡ ಕೂರಿಸುತ್ತಾರೆ, ಪ್ರೆಸ್‌ಬೋರ್ಡ್ ಅಂತ. ನಮ್ಮ ರಾಮನಗರದಲ್ಲೇ ಅದನ್ನು ತಯಾರಿಸುವ ಕಾರ್ಖಾನೆ ಇದೆ.

ಹಿರಿಯರು ಮುಂದುವರಿಸಿದರು. ಸುತ್ತುವುದು ಅರ್ಧ ಕೆಲಸ, ಒಣಗಿಸುವುದು ಉಳಿದರ್ಧ. ಬರೀ ಗಾಳಿಯಲ್ಲಿಟ್ಟ ಕಾಗದದ ತೂಕದಲ್ಲೂ ನೂರಕ್ಕೆ ಆರೇಳು ಪಾಲು ನೀರೇ ಇರುತ್ತದೆ. ಇಡೀ ಕಾಯಿಲನ್ನು ನಿರ್ವಾತದ ಒಲೆಯಲ್ಲಿಟ್ಟು ಅದನ್ನು ಅರೆಪಾಲಿಗೂ ಕೆಳಗೆ ಇಳಿಸಿದ ಮೇಲೆಯೇ ಎಣ್ಣೆ ಬಿಡುವುದು. ಮುಂದೆ ತಾಮ್ರ ಸವೆಯುವುದಿಲ್ಲ, ಎಣ್ಣೆಯನ್ನು ಬದಲಿಸಬಹುದು. ಮುದಿಯಾಗುವುದು ಕಾಗದ. ಹೊಸದರಲ್ಲಿ ಸಾವಿರದಷ್ಟು ಕೊಂಡಿಗಳಿರುವ ಸೆಲ್ಯುಲೋಸ್ ಸರಪಳಿ ವರ್ಷಗಳ ಬಿಸಿಗೆ ತುಂಡಾಗುತ್ತ ಇನ್ನೂರರ ಹತ್ತಿರ ಬಂದರೆ ಟ್ರಾನ್ಸ್‌ಫಾರ್ಮರಿನ ಆಯಸ್ಸು ಮುಗಿದಂತೆ. ದೀಪ ಹಚ್ಚುವ ನಾವೆಲ್ಲ ಯಾವುದೋ ಕಾಡಿನ ನಾರಿನ ಬಲದ ಮೇಲೆ, ಅದನ್ನು ಸುಕ್ಕಿಲ್ಲದೆ ಸುತ್ತಿದ ಬೆರಳುಗಳ ಬಲದ ಮೇಲೆ ಬದುಕುತ್ತಿದ್ದೇವೆ.

ಹಾಗಾದರೆ ಮರವನ್ನು ಕಾಗದ ಮಾಡುವ ಕೈಗಳು ಯಾವುವು? ಅದನ್ನು ನೋಡಬೇಕೆಂಬ ಆಸೆ ನನ್ನನ್ನು ಭದ್ರಾವತಿಗೆ ಎಳೆದೊಯ್ದಿತು. 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಟರ್ಮಿನಲ್ಲಿಗೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ಮುನ್ನಡೆಸಿದವರು. ಅದು ಮೊದಲಿಗೆ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು ಇದ್ದಿಲು ತೆಗೆಯುವಾಗ ಏಳುವ ಹೊಗೆಯನ್ನೂ ಬಿಡದೆ ಅದರಿಂದ ರಾಸಾಯನಿಕ ಇಳಿಸುತ್ತಿದ್ದರು. ಅದೇ ಊರಿನಲ್ಲಿ, ಭದ್ರೆಯ ದಡದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಎಂಪಿಎಂ. ಕಾರ್ಮಿಕರು ನೆಲೆಸಿದ ಬಡಾವಣೆ ಕಾಗದನಗರ. ಅಲ್ಲಿನ ಪೊಲೀಸ್ ಠಾಣೆಯ ಹೆಸರು ಕೂಡ ಪೇಪರ್ ಟೌನ್ ಠಾಣೆ.

ಬೀರೂರು ದಾಟಿ ತರೀಕೆರೆಯ ತೋಟಗಳ ನಡುವೆ ರೈಲು ಸಾಗುವಾಗ ನನಗೆ ಗೊತ್ತಿತ್ತು, ಯಂತ್ರ ತಿರುಗುವುದನ್ನು ನಾನು ನೋಡಲಾರೆ. 1981ರಿಂದ ವರ್ಷಕ್ಕೆ 75,000 ಟನ್ ಪತ್ರಿಕಾ ಕಾಗದದ ಸಾಮರ್ಥ್ಯವಿದ್ದ ಆ ಗಿರಣಿ 2015ರಲ್ಲಿ ನಿಂತುಹೋಗಿದೆ. ಆದರೆ ಮಷೀನ್ ಹೌಸಿನಲ್ಲಿ ದುಡಿದವರೊಬ್ಬರು ತಮ್ಮ ಜಗಲಿಯ ಮೇಲೆ ಕೂತು ಬರೀ ಕೈಗಳಿಂದ ಆ ಯಂತ್ರವನ್ನು ನನ್ನ ಮುಂದೆ ಓಡಿಸಿದರು.

"ಮೊದಲು ಚಿಪ್ಪರ್ ಮಾರಾಯ್ರೆ. ತೋಳು ಗಾತ್ರದ ಮರ ಬಾಯಿಗೆ ಇಟ್ಟದ್ದೇ, ಕಣ್ಣು ಮಿಟುಕಿಸೋದ್ರೊಳಗೆ ಚಕ್ಕೆ. ಆ ಸದ್ದಿನಲ್ಲಿ ಮಾತಿಲ್ಲ, ಬರೀ ಕೈಸನ್ನೆ. ಆಮೇಲೆ ಡೈಜೆಸ್ಟರು."

ಡೈಜೆಸ್ಟರೆಂದರೆ ಎತ್ತರದ ಉಕ್ಕಿನ ಪಾತ್ರೆ. ಚಕ್ಕೆಗಳು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ 160ರಿಂದ 170 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯುತ್ತವೆ. ನಾರುಗಳನ್ನು ಅಂಟಿಸಿದ್ದ ಲಿಗ್ನಿನ್ ಕರಗಿ ಕಪ್ಪು ದ್ರವವಾಗುತ್ತದೆ. ಮರದ ತೂಕದ ಹೆಚ್ಚುಕಡಿಮೆ ಅರ್ಧದಷ್ಟೇ ನಾರಾಗಿ ಕೈಗೆ ಬರುವುದು. ಉಳಿದ ಕಪ್ಪು ದ್ರವವನ್ನು ಬಾಯ್ಲರಿನಲ್ಲಿ ಉರಿಸಿ ಅದರಿಂದಲೇ ಹಬೆ ಮಾಡುತ್ತಾರೆ, ಸೋಡಾವನ್ನೂ ಮರಳಿ ಪಡೆಯುತ್ತಾರೆ. ಮರ ತನ್ನನ್ನು ತಾನೇ ಬೇಯಿಸಿಕೊಳ್ಳುವ ಈ ಏರ್ಪಾಡು ನನ್ನನ್ನು ಇನ್ನೂ ಬೆರಗಿನಲ್ಲಿಟ್ಟಿದೆ. ಗಂಧಕದ ಆ ಕೊಳೆತ ವಾಸನೆಯ ಬಗ್ಗೆ ಕೇಳಿದೆ. "ವಾಸನೆ ಬರಲಿಲ್ಲ ಅಂದ್ರೆ ಒಳಗೆ ಏನೋ ಕೆಟ್ಟಿದೆ ಅಂತ ಮನೇಲಿ ಹೆಂಗಸರಿಗೂ ಗೊತ್ತಾಗ್ತಿತ್ತು" ಎಂದರು ಅವರು.

ಅವರ ಕಣ್ಣು ಬೆಳಗಿದ್ದು ಕಾಗದದ ಯಂತ್ರದ ಮಾತು ಬಂದಾಗ. ಓಡುವ ಜಾಲರಿಯ ಮೇಲೆ ಸುರಿಯುವ ದ್ರವದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ಕೆಲವೇ ಮಾರು ದೂರದಲ್ಲಿ ಅದು ಹಾಳೆಯಾಗಿ, ರೋಲುಗಳ ನಡುವೆ ಹಿಂಡಿಸಿಕೊಂಡು, ಹಬೆ ತುಂಬಿದ ಉರುಳೆಗಳ ಸಾಲಿನಲ್ಲಿ ಒಣಗಿ, ಆ ತುದಿಯಲ್ಲಿ ಸುರುಳಿಯಾಗುತ್ತದೆ. ಎಲ್ಲಿಯಾದರೂ ಹಾಳೆ ಹರಿಯಿತೋ, ಕೆಲಸಗಾರರೆಲ್ಲ ಓಡಬೇಕು. ಹಸಿ ಹಾಳೆಯ ಒಂದು ಕಿರುಪಟ್ಟಿಯನ್ನು ಹಿಡಿದು, ತಿರುಗುತ್ತಿರುವ ಬಿಸಿ ಉರುಳೆಗಳ ನಡುವೆ ಒಂದೊಂದಾಗಿ ದಾಟಿಸಿಕೊಂಡು ಹೋಗಬೇಕು. ಎರಡು ರೋಲು ಕೂಡುವ ಬಾಯಿಗೆ ಬೆರಳು ಸಿಕ್ಕರೆ ಮುಗಿಯಿತು. ಯಂತ್ರ ನಿಲ್ಲಿಸುತ್ತಿರಲಿಲ್ಲವೇ ಎಂದೆ. "ಹಾಳೆ ಹರಿದದ್ದಕ್ಕೆಲ್ಲ ನಿಲ್ಲಿಸಿದ್ರೆ ಕಾಗದ ಆಗ್ತದಾ?" ಎಂದರು. ಹರಿಯುವ ಮುಂಚೆಯೇ ಸದ್ದಿನಲ್ಲಿ ತಿಳಿಯುತ್ತಿತ್ತಂತೆ. ಅಷ್ಟು ಗದ್ದಲದಲ್ಲಿ ಒಂದು ಹಾಳೆಯ ಸದ್ದನ್ನು ಬೇರ್ಪಡಿಸಿ ಕೇಳುವ ಕಿವಿಯನ್ನು ಯಾವ ಶಾಲೆ ಕೊಡುತ್ತದೆ?

ಈ ವಿದ್ಯೆಗೆ ಬೆರಗಾಗುವಾಗ ಕಾಡಿನ ಲೆಕ್ಕವನ್ನು ಮರೆಯಲು ನನಗೆ ಮನಸ್ಸಿಲ್ಲ. 1958ರ ಹೊತ್ತಿಗೆ ದಾಂಡೇಲಿಯ ವೆಸ್ಟ್ ಕೋಸ್ಟ್ ಗಿರಣಿಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಗುವ ಕರಾರಾಯಿತು. ಬುಟ್ಟಿ ಹೆಣೆಯುವ ಮೇದಾರರು ಸಂತೆಯಲ್ಲಿ ಅದರ ಎಷ್ಟೋ ಪಟ್ಟು ಬೆಲೆ ತೆರಬೇಕಿತ್ತು. ಅವರ ದೂರು ಸರ್ಕಾರದವರೆಗೆ ಮುಟ್ಟಿದ ಮೇಲೆ, 1975ರಲ್ಲಿ ಶುರುವಾದ ಅಧ್ಯಯನಕ್ಕೆ ವಿಜ್ಞಾನಿ ಮಾಧವ ಗಾಡ್ಗೀಳರು ಕಾಡಿಗೆ ಹೋದರು. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಗಿರಣಿಯವರು ಕೂಲಿಯವರಿಂದ ಸವರಿಸುತ್ತಿದ್ದರು. ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದುಬಿಡುತ್ತವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಹಳ್ಳಿಯವರ ಮಾತೇ ನಿಜವೆಂದು ಗಾಡ್ಗೀಳರು ಕಂಡುಕೊಂಡರು. ಕತ್ತಿ ಹಿಡಿದವರು, ಬುಟ್ಟಿ ಹೆಣೆದವರು ಬಾಯಿಬಿಟ್ಟು ಹೇಳಿದ್ದನ್ನು ಕೇಳಿಸಿಕೊಂಡಿದ್ದರೆ ಎಷ್ಟು ಮೆಳೆ ಉಳಿಯುತ್ತಿತ್ತೋ! ಬಿದಿರು ಸಾಲದೆ ಬಂದಾಗ ನೀಲಗಿರಿ, ಅಕೇಶಿಯಾ ಬಂದವು. ಮಲೆನಾಡಿನ ಜನ ಇಂದಿಗೂ ಅಕೇಶಿಯಾ ತೋಪುಗಳ ವಿರುದ್ಧ ಹೋರಾಡುತ್ತಿದ್ದಾರೆ.

ನೀಲಗಿರಿಯ ಹಾದಿ ನನ್ನನ್ನು ಮತ್ತೆ ಹಳೇ ಮದ್ರಾಸ್ ರಸ್ತೆಗೇ ತಂದಿತು. ಆಸ್ಟ್ರೇಲಿಯಾದ ಈ ಮರವನ್ನು ಟಿಪ್ಪು ಸುಲ್ತಾನ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಡಿಸಿದನೆನ್ನುತ್ತಾರೆ. ನಂದಿಯ ಆ ಮರಗಳ ಸಂತತಿಯೇ ಮೈಸೂರ್ ಗಮ್ ಎಂಬ ಹೆಸರಿನಲ್ಲಿ ದೇಶದ ಎಷ್ಟೋ ತೋಪುಗಳಿಗೆ, ಕಾಗದದ ಗಿರಣಿಗಳಿಗೆ ಹರಡಿತು. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇಷ್ಟೆಲ್ಲ ಶುರುವಾಗಿದ್ದು ಬೈಯಪ್ಪನಹಳ್ಳಿಯಿಂದ ಒಂದು ದಿನದಲ್ಲಿ ಹೋಗಿಬರಬಹುದಾದ ಬೆಟ್ಟದಿಂದ ಎನ್ನುವುದು ನನಗೆ ರೋಮಾಂಚನದ ಸಂಗತಿ. ಎನ್‌ಜಿಇಎಫ್ ಆವರಣದಲ್ಲೀಗ ಸರ್ಕಾರ ವೃಕ್ಷೋದ್ಯಾನ ರೂಪಿಸುತ್ತಿದೆ. ಮರದ ನಾರನ್ನು ತಾಮ್ರಕ್ಕೆ ಸುತ್ತಿದ ಶೆಡ್ಡುಗಳ ನಡುವೆ ಮರಗಳನ್ನು ಮರಗಳಾಗಿಯೇ ನೋಡಲು ಜನ ಬರಲಿದ್ದಾರೆ. ಒಳಗೊಂದು ಫಲಕದಲ್ಲಿ ಆ ವೈಂಡಿಂಗ್ ಕೆಲಸದವರ ಮಾತೂ ಇರಲಿ ಎಂದು ನಾನು ಹಂಬಲಿಸುತ್ತೇನೆ.

ಕಾಗದದ ದುಡಿಮೆ ಈ ಭಾಗದಲ್ಲಿ ಇಂದಿಗೂ ಇದೆ, ಬೇರೆ ರೂಪದಲ್ಲಿ. ರೈಲುಹಳಿಯ ಆಚೆಯ ಗಲ್ಲಿಯೊಂದರ ರದ್ದಿ ಗೋಡೌನಿನಲ್ಲಿ ಹೆಂಗಸರು ಬಿಳಿ ಹಾಳೆ, ನ್ಯೂಸ್ ಪೇಪರ್, ರಟ್ಟು ಎಂದು ಮೂಟೆಗಳನ್ನು ವಿಂಗಡಿಸುತ್ತಿದ್ದರು. ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್‌ನಂಥ ಗಿರಣಿಗಳು ನಡೆಯುವುದು ಹಳೆಯ ಕಾಗದದಿಂದಲೇ. ಅಲ್ಲಿ ಮರ ಕಡಿಯುವವರೂ ಇಲ್ಲ, ಚಿಪ್ಪರೂ ಇಲ್ಲ. ಅವರ ಜಾಗದಲ್ಲಿ ಈ ಬೆರಳುಗಳಿವೆ. ಅಕ್ಕ ಒಬ್ಬರು ಟೀ ಕಪ್ಪೊಂದನ್ನು ಎತ್ತಿ ಅಂಚು ಹರಿದು ನೋಡಿ ಪಕ್ಕಕ್ಕೆ ಎಸೆದರು.

"ಯಾಕಕ್ಕಾ, ಅದೂ ಪೇಪರೇ ಅಲ್ವಾ?"

"ಒಳಗೆ ಪ್ಲಾಸ್ಟಿಕ್ ಬಳಿದವ್ರೆ. ನೀರಲ್ಲಿ ಕರಗಲ್ಲ. ಇದೊಂದು ಸೇರ್ಕೊಂಡ್ರೆ ಮಿಲ್ಲಲ್ಲಿ ಹಾಳೆ ಹರಿಯುತ್ತಂತೆ, ಅಲ್ಲಿರೋರು ಬೈತಾರೆ."

ಆಕೆ ಗಿರಣಿಯನ್ನು ಕಂಡವರಲ್ಲ. ಆದರೂ ಎಷ್ಟೋ ಮೈಲಿ ಆಚೆ ಬಿಸಿ ಉರುಳೆಗಳ ನಡುವೆ ಕೈಯಿಡುವವನ ಕಷ್ಟ ಆಕೆಯ ಬೆರಳಿಗೆ ಗೊತ್ತಿತ್ತು. ಭದ್ರಾವತಿಯ ಜಗಲಿಯಲ್ಲಿ ಕೇಳಿದ್ದನ್ನು ಹೇಳಿದೆ. ಕೇಳುತ್ತಲೇ ಇನ್ನೊಂದು ಮೂಟೆ ಬಿಚ್ಚಿದರು.

"ನಿಮ್ಮನೇಲಿ ಹಳೇ ಪೇಪರ್ ಇದ್ರೆ ಭಾನುವಾರ ತಂದ್ಕೊಡಿ ಸಾರ್. ಮಳೇಲಿ ಮಾತ್ರ ನೆನೆಸ್ಬೇಡಿ."