ಇಬ್ಬನಿ ಹೆಪ್ಪುಗಟ್ಟುವ ಮುನ್ನ

ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಚಳಿಗೆ ಸೀಸೆಯಲ್ಲೇ ಗಟ್ಟಿಯಾಗುವುದನ್ನು ನೀವು ಕಂಡಿದ್ದೀರಿ. ಕಾರಿನ ಎಂಜಿನ್ ಆಯಿಲ್ ನಮ್ಮ ಕಡೆಯ ಚಳಿಗೆ ಹಾಗೆ ಗಟ್ಟಿಯಾಗದು, ಆದರೆ ಮಂದವಾಗುತ್ತದೆ. ಮಂದವಾದ ಎಣ್ಣೆ ಎಂಜಿನ್ನಿನ ಮೇಲ್ಭಾಗಕ್ಕೆ ಏರುವುದು ತುಸು ತಡ. ಅಷ್ಟರಲ್ಲಿ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ.

ನನ್ನ ಭಾವ ಉದಕಮಂಡಲದಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ಅದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊರು. ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬಸುರಿಯನ್ನೋ ರೋಗಿಯನ್ನೋ ಆಸ್ಪತ್ರೆಗೆ ಒಯ್ಯಲು ನಸುಕಿನಲ್ಲಿ ಯಾರಾದರೂ ಬಾಗಿಲು ಬಡಿಯುತ್ತಾರೆ. ಗಾಡಿ ಒಂದೇ ಸಲಕ್ಕೆ ಹೊರಡಬೇಕು. ಅದಕ್ಕೇ ನವೆಂಬರಿನ ಮಳೆ ಹಿಂದೆಗೆಯುತ್ತಲೇ ಭಾವ ಆಯಿಲ್ ಬದಲಿಸುತ್ತಾರೆ.

“ಇನ್ನೂ ಸಾವಿರ ಕಿಲೋಮೀಟರ್ ಓಡಬಹುದಲ್ಲ ಭಾವ, ಹಣ ದಂಡವಲ್ಲವೇ?” ಎಂದು ಕೇಳಿದೆ.

“ಮೇಷ್ಟ್ರೇ, ಆ ಸಾವಿರ ಮುಗಿಯುವುದು ಕಡುಚಳಿಯಲ್ಲಿ. ಆಗ ಗಾಡಿ ಬಿಚ್ಚಿಕೊಂಡು ಕೂತರೆ ಬಾಗಿಲು ಬಡಿದವರಿಗೆ ಏನು ಹೇಳಲಿ?” ಎಂದರು.

ಓಡಿದ ಎಣ್ಣೆಯಲ್ಲಿ ಮಸಿ ಸೇರಿರುತ್ತದೆ. ಚಳಿಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿ ನಿಂತರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಒಳಗೆ ಕೂಡಿದ ನೀರಿನ ಪಸೆ ಆರದೆ ಎಣ್ಣೆಯಲ್ಲೇ ಉಳಿಯುತ್ತದೆ.

ಡಬ್ಬಿಯ ಮೇಲೆ 10ಡಬ್ಲ್ಯು-30 ಎಂದಿರುವುದನ್ನು ನೋಡಿರಬಹುದು. ಆ ‘ಡಬ್ಲ್ಯು’ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಿರಿದಾದಷ್ಟೂ ಚಳಿಯಲ್ಲಿ ಎಣ್ಣೆ ಸರಾಗ. ಹಾಗೆಂದು ಅಂಗಡಿಯವರು ಕೊಟ್ಟದ್ದನ್ನೆಲ್ಲ ಸುರಿಯಲಾಗದು; ಗಾಡಿಯ ಕೈಪಿಡಿ ಒಪ್ಪಿದ್ದೇ ಬೇಕು.

ತಾಳವಾಡಿಯಲ್ಲಿ ಅಷ್ಟು ಚಳಿಯಿಲ್ಲ. ನನ್ನ ಕಾರಿಗೆ ಕಿಲೋಮೀಟರು, ತಿಂಗಳು ಎರಡರಲ್ಲಿ ಯಾವುದು ಮೊದಲು ತುಂಬುವುದೋ ಆಗ ಬದಲಿಸುತ್ತೇನೆ.