ಗಡಿಕಲ್ಲಿನ ಆಚೆ ಈಚೆ
(ಉಡುಪಿ ಜಿಲ್ಲೆಯ ಒಬ್ಬ ಪಿಡಿಒ ಬರೆದ ದಿನಚರಿಯ ಪುಟಗಳು)

12 ಜೂನ್ 2024, ಬುಧವಾರ

ಮಳೆ ಹಿಡಿದಿದೆ. ತಿರುವಿನ ಮೋರಿ ಕಟ್ಟಿ ನೀರೆಲ್ಲ ರಸ್ತೆಯ ಮೇಲೆ ಎಂದು ಬೆಳಿಗ್ಗೆಯಿಂದ ಫೋನು. ಜೆಸಿಬಿ ತರಿಸಿ ಬಾಯಿ ಬಿಡಿಸಿದೆವು. ಹೊರಬಂದದ್ದರಲ್ಲಿ ಮಣ್ಣು ಕಡಿಮೆ. ಡೈಪರ್, ಥರ್ಮಾಕೋಲ್ ತಟ್ಟೆ, ಬಿಯರ್ ಬಾಟಲಿ, ಕೋಳಿಪುಕ್ಕ ತುಂಬಿದ ಗೋಣಿ, ಕೊನೆಗೆ ಒಂದು ಹತ್ತಿಯ ಹಾಸಿಗೆ. ಜೆಸಿಬಿಯವನು ಮೂಗಿಗೆ ಬೈರಾಸು ಕಟ್ಟಿಕೊಂಡೇ ಕೆಲಸ ಮಾಡಿದ.

ಬಿಲ್ಲನ್ನು ಯಾವ ಖರ್ಚಿನ ಶೀರ್ಷಿಕೆಗೆ ಹಾಕುವುದೆಂದು ಲೆಕ್ಕದವರು ಕೇಳಿದರು. ಕೇಳಿದ್ದು ಸರಿಯೇ. ರಸ್ತೆ ಲೋಕೋಪಯೋಗಿ ಇಲಾಖೆಯದು. ಅದರ ಕೆಳಗಿನ ಇಳಿಜಾರು ಡೀಮ್ಡ್ ಫಾರೆಸ್ಟ್. ತೋಡು ಕಂದಾಯ ಇಲಾಖೆಯ ದಾಖಲೆಯಲ್ಲಿದೆ. ಮೋರಿ ದಾಟಿ ಸ್ವಲ್ಪ ನಡೆದರೆ ಗಡಿಕಲ್ಲು, ಅಲ್ಲಿಂದಾಚೆ ಪಕ್ಕದ ಪಂಚಾಯತ್. ರಾತ್ರಿ ಬಂದು ಗೋಣಿ ಉರುಳಿಸಿ ಹೋಗುವವರು ಈ ನಕಾಶೆಯನ್ನು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ.

14 ಜೂನ್, ಶುಕ್ರವಾರ

ಪಕ್ಕದ ಪಂಚಾಯತಿನ ಪಿಡಿಒಗೆ ಫೋನು ಮಾಡಿದೆ. ‘ಮೋರಿ ನಿಮ್ಮದು ಮೇಡಂ, ನಾವೆಂತ ಮಾಡುವುದು’ ಎಂದರು. ‘ಗೋಣಿ ಬಿದ್ದದ್ದು ನಿಮ್ಮ ಕಡೆ ಸರ್, ನೀರು ನಮ್ಮ ಕಡೆಗೆ ತಂದದ್ದು’ ಎಂದೆ. ಇಬ್ಬರೂ ನಕ್ಕೆವು. ಇಬ್ಬರಿಗೂ ಮೇಲಿನಿಂದ ಬರುವ ನೋಟಿಸಿನ ಒಕ್ಕಣೆ ಒಂದೇ.

ನಾನು ಚಳ್ಳಕೆರೆ ಕಡೆಯವಳು. ನಮ್ಮೂರಲ್ಲಿ ಮನೆಗೊಂದು ತಿಪ್ಪೆ. ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಅಂಗಳದ ಕಸ ಎಲ್ಲ ಅಲ್ಲಿಗೆ. ಬೇಸಿಗೆಯಲ್ಲಿ ಗಾಡಿ ಕಟ್ಟಿದರೆ ಅಲ್ಲಿಂದ ಹೊಲಕ್ಕೆ. ಪಕ್ಕದವರ ತಿಪ್ಪೆ ಒಂದು ಮೊಳ ಈಚೆ ಸರಿದರೆ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದರು. ಕಸಕ್ಕೆ ಬೆಲೆಯಿತ್ತು, ಅದಕ್ಕೂ ಮೊದಲು ಯಜಮಾನನಿದ್ದ. ತಿರುವಿನಲ್ಲಿ ಬಿದ್ದಿರುವ ಗೋಣಿಗೆ ಅವನಿಲ್ಲ. ಅದಕ್ಕೊಬ್ಬನನ್ನು ಹುಡುಕುವುದೇ ನನ್ನ ಕೆಲಸವೆಂದು ತೋರುತ್ತಿದೆ, ಗುಡಿಸುವುದು ಆಮೇಲಿನದು.

3 ಜುಲೈ, ಬುಧವಾರ

ರಾಜ್ಯದ ತುಂಬ ಡೆಂಗಿ. ಆಶಾ ಕಾರ್ಯಕರ್ತೆಯರೊಂದಿಗೆ ಲಾರ್ವಾ ಸಮೀಕ್ಷೆಗೆ ಹೋದೆ. ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ಬೇಡ, ನಿಂತ ತಿಳಿನೀರು ಸಾಕು. ಅಡಿಕೆ ಹಾಳೆ, ಎಳನೀರಿನ ಬುರುಡೆ, ಹಳೆಯ ಟಯರು, ಟ್ಯಾಪಿಂಗ್ ನಿಂತ ರಬ್ಬರ್ ಮರಗಳ ಚಿಪ್ಪು, ಐಸ್‌ಕ್ರೀಂ ಕಪ್ಪು. ಮೊಟ್ಟೆ ಸೊಳ್ಳೆಯಾಗಲು ವಾರ–ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಬೋರಲು ಹಾಕಿದರೆ ಆಯಿತು. ಹೇಳಲು ಸುಲಭ. ಅಂಗಳದ ಬುರುಡೆಯನ್ನು ಮನೆಯವರು ಮಗುಚುತ್ತಾರೆ. ತಿರುವಿನ ಕೆಳಗೆ ಬಿದ್ದ ಸಾವಿರ ಕಪ್ಪುಗಳನ್ನು ಯಾರು ಮಗುಚಬೇಕು?

11 ಜುಲೈ, ಗುರುವಾರ

ನಮ್ಮ ಕಸದ ಗಾಡಿ ಸ್ವಚ್ಛ ವಾಹಿನಿಯಲ್ಲಿ ಕೂತು ಎರಡು ವಾರ್ಡು ಸುತ್ತಿದೆ. ಚಾಲಕಿ ಸಂಜೀವಿನಿ ಒಕ್ಕೂಟದವರು. ಊರಿಗೆಲ್ಲ ಅವರು ‘ಗಾಡಿ ಅಕ್ಕ’. ಕಡಿದಾದ ಕಲ್ಲುರಸ್ತೆಯಲ್ಲಿ, ಮಳೆಯಲ್ಲಿ, ಅವರು ರಿವರ್ಸ್ ತೆಗೆಯುವುದನ್ನು ನೋಡಬೇಕು.

ನಾವು ತೆಗೆದುಕೊಳ್ಳುವುದು ಒಣಕಸ ಮಾತ್ರ. ಹಸಿಕಸ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ತೆಂಗಿನ ಬುಡ ಎಲ್ಲವನ್ನೂ ನುಂಗುತ್ತದೆ. ಕಷ್ಟ ಇರುವುದು ‘ನಮ್ಮಲ್ಲಿ ಕಸವೇ ಇಲ್ಲ’ ಎನ್ನುವ ಮನೆಗಳಲ್ಲಿ. ಹೀಗೆಂದ ಒಂದು ಮನೆಯಲ್ಲಿ ಗಾಡಿ ಅಕ್ಕ ಮೆಲ್ಲಗೆ ನನ್ನ ಕಿವಿಯಲ್ಲಿ, ‘ಹಾಲಿನ ತೊಟ್ಟೆ ಎಲ್ಲಿ ಹೋಗ್ತದೆ ಅಂತ ಕೇಳಿ ಮೇಡಂ’ ಎಂದರು. ಕೇಳುವ ಅಗತ್ಯ ಬೀಳಲಿಲ್ಲ. ಬಚ್ಚಲಿನ ಹೊಗೆ ಕಪ್ಪಗೆ ಏಳುತ್ತಿತ್ತು. ಹಸಿ ಸೌದೆಗೆ ಬೆಂಕಿ ಹತ್ತಿಸಲು ತೊಟ್ಟೆಯಷ್ಟು ಚೆನ್ನಾದದ್ದು ಬೇರೆ ಇಲ್ಲವಂತೆ. ಆ ಹೊಗೆ ಮೊದಲು ಹೋಗುವುದು ಹಂಡೆಗೆ ಉರಿ ಹಾಕಲು ಕೂತ ಅಜ್ಜಿಯ ಎದೆಗೆ. ಅಜ್ಜಿಗೆ ಅದನ್ನೇ ಹೇಳಿದೆ. ‘ನಲವತ್ತು ವರ್ಷದಿಂದ ಹೊಗೆ ಕುಡಿತಾ ಉಂಟು ಮಗಾ’ ಎಂದರು. ‘ಸೌದೆಯ ಹೊಗೆ ಬೇರೆ ಅಜ್ಜಿ, ಇದು ಬೇರೆ’ ಎಂದೆ. ತೊಟ್ಟೆಗಳನ್ನು ತೊಳೆದು ಮೊಳೆಗೆ ಸಿಕ್ಕಿಸಿಡುವುದಾಗಿ ಸೊಸೆ ಒಪ್ಪಿದಳು. ಗಾಡಿಗೆ ತಿಂಗಳ ಹಣ ಕೊಡುವ ಮಾತು ಬಂದಾಗ ಮಾತ್ರ ಒಳಗಿನಿಂದ ಗಂಡಸಿನ ದನಿ ಕೇಳಿತು: ‘ನಮ್ಮ ಕಸವನ್ನೂ ಕೊಟ್ಟು ದುಡ್ಡೂ ಕೊಡಬೇಕಾ?’

25 ಜುಲೈ, ಗುರುವಾರ

ಆ ದನಿಗೆ ಉತ್ತರವಾಗಿ ಲೆಕ್ಕ ಬರೆದುಕೊಂಡೆ. ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆ ಸಿಗುವುದು ತಲೆಗಿಷ್ಟು ಎಂಬ ಲೆಕ್ಕದಲ್ಲಿ: ಜನಸಂಖ್ಯೆ 5,000ದೊಳಗಿನ ಹಳ್ಳಿಗೆ ತಲಾ ₹60, ಅದಕ್ಕಿಂತ ದೊಡ್ಡದಕ್ಕೆ ₹45. ವರ್ಷ ವರ್ಷ ಬರುವುದಲ್ಲ, ಒಂದು ಸಲದ್ದು. ಅದರಲ್ಲೂ ನೂರಕ್ಕೆ ಮೂವತ್ತು ಪಾಲು ಹಣಕಾಸು ಆಯೋಗದ ಅನುದಾನದಿಂದ ನಾವೇ ಹಾಕಿಕೊಳ್ಳಬೇಕು. ಶೆಡ್ಡು ಕಟ್ಟಬಹುದು, ಗಾಡಿ ಕೊಳ್ಳಬಹುದು. ಗಾಡಿಗೆ ಡೀಸೆಲ್, ಅಕ್ಕನಿಗೆ ಸಂಬಳ, ಬೇರ್ಪಡಿಸುವವರಿಗೆ ಕೈಗವಸು ಮತ್ತು ಕೂಲಿ ಊರಿನಿಂದಲೇ ಹುಟ್ಟಬೇಕು. ‘ಕಸದಿಂದ ರಸ’ ಎಂದು ಗೋಡೆಯ ಮೇಲೆ ಬರೆಸಿದ್ದೇವೆ. ನಿಜ ಹೇಳಬೇಕೆಂದರೆ ರಟ್ಟು, ನೀರಿನ ಬಾಟಲಿ, ಕಬ್ಬಿಣದಲ್ಲಿ ಮಾತ್ರ ರಸ. ಚಿಪ್ಸಿನ ಪೊಟ್ಟಣವನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ.

ಆದರೂ ಈ ಜಿಲ್ಲೆ ದಾರಿ ತೋರಿಸಿದೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯತಿನ ಕಸ ವಿಂಗಡಣೆಯ ಎಸ್‌ಎಲ್‌ಆರ್‌ಎಂ ಘಟಕವನ್ನು ನೋಡಲು ಬೇರೆ ಜಿಲ್ಲೆಯವರು ಬಂದು ಹೋದರು. ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿಭಾಯಿಸುವ ಎಂಆರ್‌ಎಫ್ ಎದ್ದಿತು. ಹತ್ತಾರು ಪಂಚಾಯತ್‌ಗಳ ಒಣಕಸ ಅಲ್ಲಿಗೆ ಹೋಗಿ ಬಗೆಬಗೆಯಾಗಿ ಬೇರೆಯಾಗುತ್ತದೆ. ಮಾರಲಾಗದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುವ ದಾರಿಯೂ ಉಂಟು. ಒಂದು ಪಂಚಾಯತ್ ಒಂಟಿಯಾಗಿ ಲಾರಿ ತುಂಬಿಸಲಾರದು. ಹತ್ತು ಸೇರಿದರೆ ಲಾರಿ ತುಂಬುತ್ತದೆ, ತುಂಬಿದ ಲಾರಿಗೆ ಕೊಳ್ಳುವವರು ಸಿಗುತ್ತಾರೆ. ಕಸದ ಮಟ್ಟಿಗೆ ಗಡಿ ದಾಟಿದ ಕಡೆಯೆಲ್ಲ ಕೆಲಸ ನಡೆದಿದೆ.

6 ಆಗಸ್ಟ್, ಮಂಗಳವಾರ

ಪಚ್ಚನಾಡಿ ಕುಸಿದು ಐದು ವರ್ಷ. 2019ರ ಆಗಸ್ಟಿನ ಮಳೆಗೆ ಮಂಗಳೂರು ಪಾಲಿಕೆಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆ, ಅಡಿಕೆ–ತೆಂಗಿನ ತೋಟಗಳನ್ನು ಮುಚ್ಚಿತು. ಜನ ಮನೆ ಬಿಟ್ಟು ಹೊರಟರು. ಆಗ ಟಿವಿಯಲ್ಲಿ ನೋಡಿದ್ದು ನೆನಪಿದೆ: ನಿಂತಿದ್ದ ಅಡಿಕೆ ಮರಗಳ ಸೊಂಟದವರೆಗೆ ಪ್ಲಾಸ್ಟಿಕ್ಕು. ಮಂದಾರದವರು ಆ ಕಸ ಮಾಡಿದವರಲ್ಲ. ನಗರದ ಮನೆ ಮನೆಯಿಂದ ಗಾಡಿ ಸರಿಯಾಗಿ ಬಂದು ಒಯ್ದ ಕಸವೇ ಅದು. ಒಯ್ದವರು ಎಲ್ಲಿ ಸುರಿದರು ಎಂದು ಕೊಟ್ಟವರು ಕೇಳಲಿಲ್ಲ, ಅಷ್ಟೇ.

ಇವತ್ತಿನ ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು, ‘ಗುಡ್ಡದ ಮೇಲೆ ಸರ್ಕಾರಿ ಜಾಗ ಖಾಲಿ ಉಂಟಲ್ಲ ಮೇಡಂ, ಅಲ್ಲಿ ಹಾಕುವ’ ಎಂದಾಗ ಇದನ್ನೇ ಹೇಳಿದೆ. ಸಭೆಯಲ್ಲಿ ಮಂದಾರದ ಕಡೆ ನೆಂಟರಿರುವವರು ಇಬ್ಬರಿದ್ದರು. ಆ ಸಲಹೆ ಮತ್ತೆ ಏಳಲಿಲ್ಲ.

22 ಆಗಸ್ಟ್, ಗುರುವಾರ

ಕೋಳಿ ಅಂಗಡಿಯವರನ್ನು ಕರೆಸಿದೆ. ನೋಟಿಸು ಕೊಟ್ಟು ಬೈಯುವ ಸಭೆ ಎಂದು ಅವರು ಮುಖ ಬಿಗಿದುಕೊಂಡೇ ಬಂದರು. ಪುಕ್ಕ, ಕರುಳು ದಿನವೂ ಎಲ್ಲಿ ಹಾಕುತ್ತೀರಿ ಎಂದಷ್ಟೇ ಕೇಳಿದೆ. ಹಿರಿಯರೊಬ್ಬರು, ‘ಎಲ್ಲಿ ಹಾಕಬೇಕು ಅಂತ ನೀವು ಹೇಳಿದ್ದೀರಾ ಮೇಡಂ? ಲೈಸೆನ್ಸಿನ ಫೀಸು ಮಾತ್ರ ಹೇಳಿದ್ದು’ ಎಂದರು. ಉತ್ತರ ಕೊಡಲು ಆಗದ ಮಾತು. ಹಂದಿ ಸಾಕುವವರು ಮೊದಲು ಬಂದು ಒಯ್ಯುತ್ತಿದ್ದರಂತೆ. ಒಂದೊಂದು ಅಂಗಡಿಗೆ ಬರುವುದು ಗಿಟ್ಟದೆ ಬಿಟ್ಟರಂತೆ.

ತೀರ್ಮಾನ ಹೀಗೆ: ಎಲ್ಲ ಅಂಗಡಿಯವರು ಸೇರಿ ಹಂದಿ ಸಾಕುವವರ ಗಾಡಿಯ ಬಾಡಿಗೆ ಹಂಚಿಕೊಳ್ಳುವುದು, ದಿನಾ ಸಂಜೆ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಸಿಡುವುದು, ಒಯ್ದವನು ಪುಸ್ತಕಕ್ಕೆ ಸಹಿ ಹಾಕುವುದು. ಮುಂದಿನ ಏಪ್ರಿಲಿನಲ್ಲಿ ಪರವಾನಗಿ ನವೀಕರಣಕ್ಕೆ ಆ ಪುಸ್ತಕ ತರಬೇಕು. ಪಂಚಾಯತಿನ ಕೈಯಲ್ಲಿ ಲಾಠಿ ಇಲ್ಲ, ಪರವಾನಗಿಯ ಸೀಲು ಉಂಟು. ಅದನ್ನೇ ಬಳಸಬೇಕು.

12 ಸೆಪ್ಟೆಂಬರ್, ಗುರುವಾರ

ಎರಡೂ ಪಂಚಾಯತ್‌ಗಳ ಅಧ್ಯಕ್ಷರು ಇವತ್ತು ಒಂದೇ ಮೇಜಿಗೆ ಕೂತರು. ನಮ್ಮ ಅಧ್ಯಕ್ಷೆಯದೇ ಮಾತು: ‘ಕಲ್ಲಿನ ಆಚೆ ನೂರು ಮೀಟರು, ಈಚೆ ನೂರು ಮೀಟರು, ಇಬ್ಬರಿಗೂ ಸೇರಿದ್ದು ಅಂತ ಬರೆಯಿರಿ. ಯಾರಿಗೂ ಸೇರದ್ದು ಅಂತ ಆಗುವುದು ಬೇಡ.’ ಹಾಗೆಯೇ ನಿರ್ಣಯ ಬರೆದೆವು. ಬೆಳಕು ಮತ್ತು ಕ್ಯಾಮೆರಾ ಅವರದ್ದು, ಶುಚಿ ಮಾಡುವುದು ನಮ್ಮದು, ದಂಡ ಬಂದರೆ ಅರ್ಧ ಅರ್ಧ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನಿರ್ಬಂಧಿತ. ಅದರ ಅರ್ಧ ನೈರ್ಮಲ್ಯಕ್ಕೆ, ಅರ್ಧ ನೀರಿಗೆ. ನೈರ್ಮಲ್ಯದ ಪಾಲು ಇಬ್ಬರಲ್ಲೂ ಪೂರ್ತಿ ಖರ್ಚಾಗಿರಲಿಲ್ಲ. ದುಡ್ಡು ಇತ್ತು, ಇಷ್ಟು ದಿನ ಅದನ್ನು ಗಡಿಯವರೆಗೆ ಒಯ್ಯುವವರಿರಲಿಲ್ಲ.

ಲೋಕೋಪಯೋಗಿ ಇಲಾಖೆಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಅರಣ್ಯದವರು ಮಾತ್ರ ಇಳಿಜಾರಿಗೆ ಬೇಲಿ ಹಾಕಲು ಒಪ್ಪಿದ್ದಾರೆ.

2 ಅಕ್ಟೋಬರ್, ಬುಧವಾರ

ಗಾಂಧಿ ಜಯಂತಿ. ಪೊರಕೆ ಹಿಡಿದ ಫೋಟೊ ಹನ್ನೊಂದು ಗಂಟೆಯೊಳಗೆ ಅಪ್‌ಲೋಡ್ ಆಗಬೇಕಿತ್ತು, ಆಯಿತು. ಗಾಡಿ ಅಕ್ಕ ಫೋಟೊದಲ್ಲಿಲ್ಲ. ಅವರು ಮೂರನೇ ವಾರ್ಡಿನಲ್ಲಿದ್ದರು.

25 ಅಕ್ಟೋಬರ್, ಶುಕ್ರವಾರ

ತಿರುವಿನಲ್ಲಿ ಮತ್ತೆ ಗೋಣಿಗಳು. ಕ್ಯಾಮೆರಾದಲ್ಲಿ ಪಿಕಪ್ಪು ಕಾಣುತ್ತದೆ, ನಂಬರು ಕಾಣುವುದಿಲ್ಲ, ಕೆಸರು ಬಳಿದಿದ್ದಾರೆ. ಗಾಡಿ ಅಕ್ಕ ಕೈಗವಸು ಹಾಕಿಕೊಂಡು ಗೋಣಿ ಬಿಚ್ಚಿದರು. ಕಾಗದದ ಲೋಟ, ನೀರಿನ ಚಿಕ್ಕ ಬಾಟಲಿ, ಊಟದ ಹಾಳೆ, ಅದರ ನಡುವೆ ಒಂದು ಆಮಂತ್ರಣ ಪತ್ರ, ಐಸ್‌ಕ್ರೀಂ ಸರಬರಾಜಿನ ಬಿಲ್ಲು. ಬಿಲ್ಲಿನ ಮೇಲೆ ಪಟ್ಟಣದ ಕಲ್ಯಾಣ ಮಂಟಪದ ಹೆಸರು.

ಮಂಟಪದವರು ಅಡುಗೆಯವರತ್ತ ಕೈ ತೋರಿಸಿದರು, ಅಡುಗೆಯವರು ಕಸ ಒಯ್ಯುವ ಗುತ್ತಿಗೆಯವನತ್ತ. ಅವನಿಗೆ ಲೋಡಿಗಿಷ್ಟು ಎಂದು ಕೊಟ್ಟು ಕೈತೊಳೆದುಕೊಂಡಿದ್ದಾರೆ. ವ್ಯವಸ್ಥಾಪಕರು ವಕೀಲರನ್ನೇ ಫೋನಿಗೆ ಕೊಟ್ಟರು: ‘ಯಾವ ನಿಯಮದಲ್ಲಿ ದಂಡ, ಮೇಡಂ?’ ಓದಿದವರ ಪ್ರಶ್ನೆ. 2016ರ ಘನತ್ಯಾಜ್ಯ ನಿಯಮಗಳು ಪಂಚಾಯತ್‌ಗಳ ಪೈಕಿ ಹೆಸರಿಸುವುದು ಜನಗಣತಿ ಪಟ್ಟಣದಂಥವನ್ನು. ನಮ್ಮಂಥ ಹಳ್ಳಿ ಅದರೊಳಗೆ ಬಾರದು. ಅದಕ್ಕೇ ನಾವು ನಮ್ಮದೇ ಉಪವಿಧಿ ಮಾಡಿಕೊಂಡದ್ದು. ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕೆಂಬ ಅಂಶವನ್ನೂ ಆ ನಿಯಮದಿಂದಲೇ ಎತ್ತಿಕೊಂಡಿದ್ದೇವೆ. ಉಪವಿಧಿಯ ಪ್ರತಿ ಕಳಿಸಿದೆ.

ಮಧ್ಯಾಹ್ನ ಒಂದು ದೊಡ್ಡ ಜಾಗದಿಂದ ಫೋನು: ‘ನಮ್ಮವರೇ, ಸ್ವಲ್ಪ ನೋಡಿ.’ ಅಧ್ಯಕ್ಷೆ ನನ್ನ ಕೈಯಿಂದ ಫೋನು ತೆಗೆದುಕೊಂಡು, ‘ನೋಡ್ತಾ ಇದ್ದೇವೆ ಅಣ್ಣಾ, ಮೂಗು ಮುಚ್ಚಿಕೊಂಡು ನೋಡ್ತಾ ಇದ್ದೇವೆ’ ಎಂದರು. ಸಂಜೆ ಅದೇ ಪಿಕಪ್ಪು ಬಂದು ಗೋಣಿಗಳನ್ನು ಎತ್ತಿಕೊಂಡು ಹೋಯಿತು. ದಂಡವೂ ಕಟ್ಟಿದರು. ಎಲ್ಲಿಗೆ ಒಯ್ದರು ಎಂದು ಕೇಳಿ ಬರೆಸಿಕೊಂಡೆ. ಪಚ್ಚನಾಡಿಯ ಪಾಠ ಅದು.

21 ನವೆಂಬರ್, ಗುರುವಾರ

ಮಳೆ ಬಿಟ್ಟು ತೋಡಿನ ನೀರು ತಿಳಿಯಾಗಿದೆ. ತಿರುವು ಸುಮಾರಾಗಿ ಶುಚಿ. ಆದರೆ ಮೂರು ಕಿಲೋಮೀಟರು ಆಚೆ, ತಾಲೂಕಿನ ಗಡಿಯಲ್ಲಿ ಗೋಣಿ ಬೀಳುತ್ತಿವೆಯಂತೆ. ಅಲ್ಲಿನ ಪಿಡಿಒಗೆ ನಮ್ಮ ನಿರ್ಣಯದ ನಕಲು ಕಳಿಸಿದ್ದೇನೆ. ಡೈಪರಿನ ಪ್ರಶ್ನೆ ಬಗೆಹರಿದಿಲ್ಲ. ಸುಟ್ಟರೆ ಮಗುವಿಗೆ ಆಗುವುದಿಲ್ಲ ಎಂಬ ನಂಬಿಕೆಯಿಂದ ಹೊಳೆಗೆ ಎಸೆಯುವವರು ಇನ್ನೂ ಇದ್ದಾರೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಮಾತಾಡಬೇಕು; ‘ಸುಡಬೇಡಿ, ಎಸೆಯಲೂ ಬೇಡಿ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಗಾಡಿಗೆ ಕೊಡಿ’ ಎಂದರೆ ಕೇಳಿಯಾರು.

ಇವತ್ತಿನ ಟಪಾಲಿನಲ್ಲಿ ಒಂದು ದೂರು ಅರ್ಜಿ. ಮಂಗಳವಾರ ಗಾಡಿ ಬರಲಿಲ್ಲ, ತಿಂಗಳ ಹಣ ಸರಿಯಾಗಿ ಕಟ್ಟುತ್ತಿದ್ದೇವೆ, ಕಾರಣ ತಿಳಿಸಬೇಕು. ಕೆಳಗೆ ಸಹಿ ಜುಲೈಯಲ್ಲಿ ಒಳಗಿನಿಂದ ಬಂದ ಆ ಗಂಡಸಿನ ದನಿಯದು. ಗುಮಾಸ್ತರು ಬೇಸರದಿಂದ ತಂದು ಮೇಜಿನ ಮೇಲಿಟ್ಟರು. ನನಗೆ ಬೇಸರವಾಗಲಿಲ್ಲ. ಲೆಕ್ಕ ಕೇಳುವವನು ಒಬ್ಬ ಸಿಕ್ಕಿದ.

ಉತ್ತರ ಬರೆದೆ: ಚಾಲಕಿಗೆ ಜ್ವರವಿತ್ತು, ಬದಲಿ ಇರಲಿಲ್ಲ, ಒಕ್ಕೂಟದ ಇನ್ನೊಬ್ಬರನ್ನು ಚಾಲನಾ ತರಬೇತಿಗೆ ಕಳಿಸುತ್ತಿದ್ದೇವೆ, ಅಲ್ಲಿಯವರೆಗೆ ಗಾಡಿ ತಪ್ಪಿದರೆ ಹಿಂದಿನ ದಿನವೇ ವಾರ್ಡಿನ ವಾಟ್ಸಾಪಿಗೆ ತಿಳಿಸುತ್ತೇವೆ. ನಾಳೆ ತರಬೇತಿಯ ಅರ್ಜಿಗೆ ಹೆಸರು ಹುಡುಕಬೇಕು. ಲೈಸೆನ್ಸಿನ ಖರ್ಚು ನೈರ್ಮಲ್ಯದ ಶೀರ್ಷಿಕೆಗೆ ಹಾಕಬಹುದೇ ಎಂದು ತಾಲೂಕು ಪಂಚಾಯತಿನಲ್ಲಿ ಕೇಳಬೇಕು.